ಹಚ್ಚೆ ಮಾಯುವ ತನಕ

೮ ಜನವರಿ ೧೯೯೫, ರವಿವಾರ

ಇವತ್ತು ಎಡಗೈಗೆ ಹಚ್ಚೆ ಹಾಕಿಸಿಕೊಂಡೆ. ಹಾಕಿಸಿಕೊಂಡೆ ಅನ್ನುವುದಕ್ಕಿಂತ ಅವ್ವ ಹಾಕಿಸಿದಳು ಅನ್ನಬೇಕು. ಇಪ್ಪತ್ತೊಂದು ವರ್ಷ ಬೇಡವಾಗಿದ್ದ ಹಚ್ಚೆ ಈಗ ಯಾಕೆ ಅಂದರೆ, ಬರುವ ಶನಿವಾರ ನನ್ನನ್ನು ನೋಡಲು ರಾಣೆಬೆನ್ನೂರಿನಿಂದ ಗಂಡಿನವರು ಬರುತ್ತಿದ್ದಾರೆ. ಓಣಿಯವರಿಗೆ ಅವ್ವ ಹೇಳಿದ್ದು ಬೇರೆ. "ಹಚ್ಚಿ ಇಲ್ಲದ ಸೊಸಿ ಕೈಯಾಗಿನ ನೀರು ಹಿರೇರು ಕುಡ್ಯೂದಿಲ್ರಿ, ಅದಕ್ಕ ಹಾಕಿಸಾಕತ್ತೇನಿ" ಅಂದಳು. ನಿಜ ಸಂಗತಿ ನಮ್ಮಿಬ್ಬರಿಗೇ ಗೊತ್ತು. ಮೊಣಕೈ ಕೆಳಗೆ ಎಂಟಾಣೆ ಅಗಲದ ಒಂದು ಬಿಳಿಚಿದ ಮಚ್ಚೆ ಇದೆ. ಅಪ್ಪ ತೀರಿಕೊಂಡ ವರ್ಷ ಕಾಣಿಸಿಕೊಂಡಿತು. ನೋಡಿದವರು ತೊನ್ನು ಅಂದುಕೊಂಡರೆ ಮದುವೆಯ ಮಾತು ಮುಗಿದ ಹಾಗೆ ಎಂದು ಅವ್ವನಿಗೆ ಹೆದರಿಕೆ.

ಹಚ್ಚೆ ಹಾಕುವ ಮುದುಕಿ ಗಳಗನಾಥದ ಕಡೆಯವಳು. ಮೂರು ಸೂಜಿ ಕೂಡಿಸಿ ದಾರ ಸುತ್ತಿ ತಂದಿದ್ದಳು. ದೀಪದ ಮಸಿಯನ್ನು ಯಾವುದೋ ಸೊಪ್ಪಿನ ರಸದಲ್ಲಿ ಕಲಸಿ ತುಳಸಿಕಟ್ಟೆ ಬರೆದಳು. ಸುತ್ತಲೂ ಕಟ್ಟೆಯ ಗೆರೆ, ನಡುವೆ ತುಳಸಿ ಗಿಡ. ಗಿಡ ದಟ್ಟವಾಗಿರಲಿ, ಒಂದಿಷ್ಟೂ ಸಂದು ಬಿಡಬೇಡ ಎಂದು ಅವ್ವ ಪಕ್ಕದಲ್ಲೇ ಕುಳಿತು ಹೇಳುತ್ತಿದ್ದಳು. ಕಟ್ಟೆ ಚುಚ್ಚುವಾಗ ಹಲ್ಲು ಕಚ್ಚಿದೆ. ಗಿಡಕ್ಕೆ ಬಂದ ಮೇಲೆ ಸುಮ್ಮನೆ ಜಂತಿ ನೋಡುತ್ತ ಕುಳಿತೆ. ನೋವು ಮರೆಸಲು ಹಾಡು ಹೇಳುತ್ತಿದ್ದ ಮುದುಕಿ ಅರ್ಧಕ್ಕೇ ನಿಲ್ಲಿಸಿದಳು. "ಹುಡುಗಿ ಅಳವಲ್ಲದು, ನಾ ಯಾರಿಗೆ ಹಾಡ್ಲಿ? ಇಂಥಾ ಗಟ್ಟಿ ಹೆಣ್ಣು ನಾ ನೋಡಿಲ್ಲ ಬಿಡಬೇ" ಅಂದಳು. ಅವ್ವ ಹಿಗ್ಗಿದಳು.

ಅಪ್ಪ ಸತ್ತಾಗ ನಾನು ಅಳಲಿಲ್ಲ. ಆಗ ಇದೇ ಓಣಿ ನನ್ನನ್ನು ಕಲ್ಲು ಅಂದಿತ್ತು. ಇವತ್ತು ಗಟ್ಟಿ ಅಂದಿದೆ. ನನಗೆ ಎರಡೂ ಒಂದೇ. ಅವತ್ತಿನಿಂದ ಯಾವುದೂ ಒಳಗೆ ಇಳಿಯುವುದಿಲ್ಲ, ಹೊರಗೇ ನಿಂತು ಹೋಗುತ್ತದೆ. ದಲಾಲಿ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು, ಬರೆದೆ. ಬರೆಯಲೇಬೇಕು ಅಂತೇನೂ ಅನಿಸಿರಲಿಲ್ಲ.

೧೧ ಜನವರಿ, ಬುಧವಾರ

ಕೈ ಬಾತಿದೆ. ಓಣಿಯಲ್ಲಿ ಎಷ್ಟು ಬಾಯಿಯೋ ಅಷ್ಟು ಔಷಧ. ಒಬ್ಬಳು ಅರಿಶಿನ ಅನ್ನುತ್ತಾಳೆ, ಒಬ್ಬಳು ಕೊಬ್ಬರಿ ಎಣ್ಣೆ ಅನ್ನುತ್ತಾಳೆ. ಬದನೆಕಾಯಿ ನಂಜು, ಶೇಂಗಾ ನಂಜು, ಕುಂಬಳಕಾಯಿ ನಂಜು. ಕೊನೆಗೆ ನನಗೆ ಉಳಿದದ್ದು ರೊಟ್ಟಿ ಮತ್ತು ಗಾಳಿ.

ಕೆಲಸ ಬಿಟ್ಟಿಲ್ಲ. ಈಗ ಮೆಣಸಿನಕಾಯಿ ಸುಗ್ಗಿ, ದಲಾಲಿಯವರ ವಖಾರಿಯಲ್ಲಿ ಚೀಲ, ರಾಶಿ ತುಂಬಿ ಕಾಲಿಡಲು ಜಾಗವಿಲ್ಲ. ನಾನು, ಅವ್ವ, ಅವ್ವನ ಗೆಳತಿ ಜೈತೂನಬಿ ಒಂದೇ ರಾಶಿಗೆ ಕೂಡುತ್ತೇವೆ. ಒಂದೊಂದೇ ಕಾಯಿ ಎತ್ತಿಕೊಂಡು ಅದರ ತುಂಬು, ಅಂದರೆ ತೊಟ್ಟು, ಮುರಿದು ಬುಟ್ಟಿಗೆ ಹಾಕಬೇಕು. ಸಂಜೆಯಾಗುವಷ್ಟರಲ್ಲಿ ಎಲ್ಲರ ಬೆರಳೂ ಉರಿಯುತ್ತವೆ. ಅವ್ವನೊಬ್ಬಳಿಗೆ ಏನೂ ಇಲ್ಲ. "ಉಡಚವ್ವನ ಕೈಗೆ ಖಾರ ಹತ್ತೂದಿಲ್ಲ" ಅನ್ನುವುದು ವಖಾರಿಯಲ್ಲಿ ಗಾದೆಯೇ ಆಗಿದೆ. ನಾವೆಲ್ಲ ಕೈಗೆ ಎಣ್ಣೆ ಸವರಿಕೊಂಡು ಊದಿಕೊಳ್ಳುತ್ತಿದ್ದರೆ ಅವಳು ಇನ್ನೊಂದು ಬುಟ್ಟಿ ತುಂಬಿರುತ್ತಾಳೆ.

ಹಚ್ಚೆಯ ಮೇಲೆ ಹಳೆಯ ಪಂಚೆಯ ಚೂರು ಕಟ್ಟಿಕೊಂಡು ಕೂತಿದ್ದೆ. ಜೈತೂನಬಿ ನೋಡಿ, "ಏನ್ ಮಂಗಳೀ, ತುಳಸವ್ವಗ ಬುರ್ಖಾ ಹಾಕೀಯಲ್ಲ" ಅಂದಳು. ಎಲ್ಲರೂ ನಕ್ಕರು. ನಾನೂ ನಗಬೇಕಿತ್ತು ಅಂತ ಆಮೇಲೆ ಅನಿಸಿತು.

೧೪ ಜನವರಿ, ಶನಿವಾರ, ಸಂಕ್ರಮಣ

ಬಂದು ಹೋದರು. ಭರಮಣ್ಣ ಮಾಮಾ ಕರೆದುಕೊಂಡು ಬಂದಿದ್ದ. ಅವ್ವನ ತಮ್ಮ ಅವನು, ರಾಣೆಬೆನ್ನೂರಿನಲ್ಲೇ ಇರುವವನು; ಈ ಸಂಬಂಧ ಹುಡುಕಿದ್ದೂ ಅವನೇ. ಗಂಡಿನ ಹೆಸರು ಪರಮೇಶಪ್ಪ. ಸೈಕಲ್ ಅಂಗಡಿ ಇಟ್ಟಿದ್ದಾನೆ. ತಿಕ್ಕಿ ತೊಳೆದು ಬಂದಿದ್ದರೂ ಉಗುರಿನ ಸಂದಿಯಲ್ಲಿ ಕಪ್ಪು ಹಾಗೇ ಇತ್ತು.

ಅವನ ತಾಯಿ ನನ್ನ ಕೈ ತಿರುಗಿಸಿ ನೋಡಿದರು. "ಹಚ್ಚಿ ಛಲೋ ಮೂಡೇತಿ ನೋಡು. ಈಗಿನ ಹುಡುಗ್ಯಾರು ಬ್ಯಾಡ ಅಂತಾವ" ಅಂದರು. ಅವ್ವ ನೆಲ ನೋಡಿದಳು. ನಾನು ಅವರ ಮೂಗುತಿ ನೋಡುತ್ತಿದ್ದೆ.

ಏನಾದರೂ ಕೇಳುವುದಿದ್ದರೆ ಕೇಳು ಎಂದು ಮಾಮಾ ಒತ್ತಾಯ ಮಾಡಿದ್ದಕ್ಕೆ ಪರಮೇಶಪ್ಪ, "ಸೈಕಲ್ ಹೊಡ್ಯಾಕ ಬರ್ತೈತೇನ್ರಿ?" ಎಂದು ಕೇಳಿದ. "ಬರೂದಿಲ್ರಿ" ಅಂದೆ. "ಬ್ಯಾಡ ಬಿಡ್ರಿ, ಬಿದ್ರ ಮತ್ತ ನಮ್ಮ ಅಂಗಡಿಗೇ ತರಬೇಕಾಗ್ತೈತಿ" ಅಂದ. ಅವನ ತಾಯಿ ತೊಡೆಗೆ ಚಿವುಟಿದರು.

ಒಪ್ಪಿಗೆಯಾಯಿತಂತೆ. ಅವ್ವ ಸಂಜೆ ಎಳ್ಳು ಬೆಲ್ಲ ಹಂಚಿಬಂದಳು. ಅವಳ ಮುಖದಲ್ಲಿ ಅಷ್ಟು ಬೆಳಕು ನೋಡಿ ಎಷ್ಟು ದಿನವಾಗಿತ್ತೋ. ನನಗೇನೂ ಅನಿಸಲಿಲ್ಲ, ಬೇಸರವೂ ಆಗಲಿಲ್ಲ.

೧೯ ಜನವರಿ, ಗುರುವಾರ

ಕಟ್ಟೆಯ ಗೆರೆ ಒಣಗಿ ಸಿಪ್ಪೆ ಏಳುತ್ತಿದೆ. ಒಳಗೆ ಹಸಿರು ಚೆನ್ನಾಗಿ ಕೂತಿದೆ. ಗಿಡ ಮಾತ್ರ ಇನ್ನೂ ಹಸಿ.

ವಿಪರೀತ ತುರಿಕೆ.

೨೩ ಜನವರಿ, ಸೋಮವಾರ

ತುರಿಕೆ ಬರೀ ಅಂಚಿಗೆ. ನಡುವೆ ಇಲ್ಲ.

ಇವತ್ತು ಬಟ್ಟೆ ಜಾರಿ, ಮೆಣಸಿನಕಾಯಿಯ ಬೀಜ, ಪುಡಿ ಎಲ್ಲ ಹಚ್ಚೆಯ ಮೇಲೆ ಕೂತಿತ್ತು. ನಾನು ನೋಡೇ ಇರಲಿಲ್ಲ. ಜೈತೂನಬಿ ನೋಡಿ "ಯಾ ಅಲ್ಲಾ" ಎಂದು ಚೀರಿ ತನ್ನ ತಂಬಿಗೆಯ ನೀರು ಸುರಿದಳು. "ಹಸೀ ಗಾಯದಾಗ ಖಾರ ತುಂಬೈತಲ್ಲ, ಉರಿಯಾಕತ್ತಿಲ್ಲೇನ ನಿನಗ?" ಅಂದಳು. "ಉರೀತೈತಿ" ಅಂದೆ. ಸುಳ್ಳಲ್ಲ, ಕಟ್ಟೆಯ ಸುತ್ತ ಬೆಂಕಿ ಹಚ್ಚಿದ ಹಾಗೆ ಉರಿಯುತ್ತಿತ್ತು. ಗಿಡ ಇರುವಲ್ಲಿ ನೀರು ಬಿದ್ದದ್ದೂ ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ಅವ್ವ ಅರಿಶಿನ ಒತ್ತಿದಳು. ಗಾಯದ ಅಂಚು ಬೆಳ್ಳಗಾಗಿದೆ, ಸ್ವಲ್ಪ ಕೀವು ಇದೆ. "ನಿಶ್ಚಿತಾರ್ಥದೊಳಗ ಮಾಯಬೇಕು ನೋಡು" ಎಂದು ಹಚ್ಚೆಗೇ ಹೇಳುವ ಹಾಗೆ ಹೇಳಿದಳು. ಬರುವ ತಿಂಗಳು ಹನ್ನೆರಡಕ್ಕೆ ಗೊತ್ತುಮಾಡಿದ್ದಾರೆ. ಮದುವೆ ಯುಗಾದಿ ಆದ ಮೇಲೆ.

೩೦ ಜನವರಿ, ಸೋಮವಾರ

ಮುಂಜಾನೆ ಊರೊಳಗೆ ಜೀಪು ಬಂದಿತ್ತು. ಪ್ರತಿ ವರ್ಷ ಈ ದಿನ ಬರುತ್ತದಂತೆ, ನಾನು ಕಿವಿಗೊಟ್ಟಿರಲಿಲ್ಲ. ವಖಾರಿಯ ಮುಂದೆ ನಿಂತು ಮೈಕಿನಲ್ಲಿ ಕೂಗಿದರು. ಮೈಮೇಲೆ ತಿಳಿಬಣ್ಣದ ಮಚ್ಚೆ ಇದ್ದು ಅಲ್ಲಿ ಸ್ಪರ್ಶಜ್ಞಾನ ಇಲ್ಲದಿದ್ದರೆ ಅದು ಕುಷ್ಠರೋಗ ಇರಬಹುದು, ಹೆದರಬೇಡಿ, ಔಷಧಿ ಪುಕ್ಕಟೆ. ಆಮೇಲೆ ಜೀಪಿನಿಂದ ಒಬ್ಬ ಇಳಿದು ಒಳಗೆ ಬಂದ. ಫಕ್ಕೀರಪ್ಪ ಅಂತ, ಹಾವೇರಿಯಲ್ಲಿ ಕುಷ್ಠರೋಗದ ಇಲಾಖೆಯಲ್ಲಿ ಕೆಲಸ. "ಅಕ್ಕಾರ, ತಾಯ್ಯಾರ, ಯಾರಿಗರ ಮಚ್ಚಿ ಇದ್ರ ತೋರಸ್ರಿ, ಒಂದ್ ನಿಮಿಷದ ಕೆಲಸ" ಅಂದ.

ಹೆಂಗಸರು ಒಬ್ಬರ ಮೇಲೆ ಒಬ್ಬರು ಬಿದ್ದು ನಕ್ಕರು. ಒಬ್ಬಳು, "ನನ್ನ ಗಂಡನ ಕೆನ್ನಿಗೆ ಸ್ಪರ್ಶ ಇಲ್ರಿ, ಎಷ್ಟ್ ಹೊಡದ್ರೂ ಗೊತ್ತಾಗೂದಿಲ್ಲ" ಅಂದಳು. ಅವನೂ ನಕ್ಕ. ನಾನು ಕೈಯನ್ನು ರಾಶಿಯ ಒಳಗೆ ಹುಗಿದಿಟ್ಟುಕೊಂಡೆ. ಅಂಚು ಸುಟ್ಟುಹೋಗುವಷ್ಟು ಉರಿಯಿತು. ಅವನು ಹೋಗುವವರೆಗೂ ಹಾಗೇ ಇದ್ದೆ. ಎದುರಿಗೆ ಜೈತೂನಬಿ ತಲೆ ಬಗ್ಗಿಸಿ ತುಂಬು ಮುರಿಯುತ್ತಿದ್ದಳು. ಅವಳು ಮಾತ್ರ ನಗಲಿಲ್ಲ.

೫ ಫೆಬ್ರುವರಿ, ರವಿವಾರ

ಅವ್ವ ಸಂತೆಗೆ ಹೋದಾಗ ಪಿನ್ನು ತೆಗೆದುಕೊಂಡು ನೋಡಿದೆ.

ಕಟ್ಟೆ: ಗೊತ್ತಾಯಿತು.

ಗಿಡ: ಇಲ್ಲ.

ರಕ್ತ ಬಂತು, ಒರೆಸಿದೆ. ಆಮೇಲೆ ಹಿಟ್ಟು ನಾದಿ ರೊಟ್ಟಿ ಮಾಡಿದೆ.

೧೨ ಫೆಬ್ರುವರಿ, ರವಿವಾರ

ರಾಣೆಬೆನ್ನೂರಿನಲ್ಲಿ ನಿಶ್ಚಿತಾರ್ಥ ಆಯಿತು.

ಗಾಯ ಮಾಯಲಿಲ್ಲ. ಮೊಣಕೈ ದಾಟುವಷ್ಟು ತೋಳಿನ ಕುಪ್ಪಸ ಹೊಲಿಸಿದ್ದಳು ಅವ್ವ. ಒಳಗೆ ಹತ್ತಿ, ಮೇಲೆ ಬಟ್ಟೆ. ಬಸ್ಸಿನಲ್ಲಿ ಮೂರು ಸಲ ತೋಳು ಎಳೆದು ಸರಿ ಮಾಡಿದಳು. ಬೇಸಿಗೆ ಇನ್ನೂ ಬಂದಿಲ್ಲ, ಅವಳ ಹಣೆ ಬೆವತಿತ್ತು.

ಸೀರೆ ಉಡಿಸಿದ ಮೇಲೆ ಪರಮೇಶಪ್ಪನ ತಾಯಿ ನನ್ನನ್ನು ಎಬ್ಬಿಸಿ, ಎಡಗೈಯನ್ನು ತಮ್ಮ ಎರಡೂ ಕೈಯಿಂದ ಹಿಡಿದು ಮಣೆಯವರೆಗೆ ಕರೆದುಕೊಂಡು ಹೋದರು. ಪ್ರೀತಿಯಿಂದಲೇ ಹಿಡಿದಿದ್ದರು. ಹಿಡಿದದ್ದು ಮಾತ್ರ ಸರಿಯಾಗಿ ಗಾಯದ ಮೇಲೆ. ಅಂಚಿನಲ್ಲಿ ಒಂದಿಷ್ಟು ಚುಳುಕ್ ಅಂದಿತು, ಅಷ್ಟೇ. ಕೂತ ಮೇಲೆ ನೋಡಿದರೆ ತೋಳು ಒದ್ದೆಯಾಗಿತ್ತು. ಅವರೂ ನೋಡಿ ಗಾಬರಿಯಾದರು. "ಅಯ್ಯ ನನ ಮಗಳ, ಹಚ್ಚಿ ಇನ್ನಾ ಹಸೀ ಐತೇನ? ನಾ ಗಟ್ಟಿ ಹಿಡದ್ನಲ್ಲಾ. ನೋವಾತೇನವಾ?"

"ಇಲ್ರಿ ಅತ್ತಿ."

"ನೋಡ್ರಿ ಹುಡುಗಿ ತಾಳ್ಮಿ. ಬಾಯಿ ಬಿಡವಲ್ಲದು." ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಕಣ್ಣು ಒರೆಸಿಕೊಂಡರು. ನನ್ನ ಕೈಯನ್ನು ತಮ್ಮ ಹೊಸ ಸೀರೆಯ ಸೆರಗಿನಿಂದಲೇ ಒರೆಸಿದರು.

ಬರುವಾಗ ಬಸ್ಸಿನಲ್ಲಿ ಕಿಡಕಿಯ ಕಡೆ ಕೂತಿದ್ದೆ. ಆ ಸೆರಗೇ ನೆನಪಾಗುತ್ತಿತ್ತು. ಇದು ಅವರಿಗೆ ಅಂಟುತ್ತದೋ ಏನೋ ನನಗೆ ಗೊತ್ತಿಲ್ಲ. ಕೈಯನ್ನು ಅವ್ವನಿಗೆ ತಾಗದ ಹಾಗೆ ಕಿಡಕಿಯ ಕಡೆ ಸರಿಸಿಟ್ಟುಕೊಂಡೆ.

೧೩ ಫೆಬ್ರುವರಿ, ಸೋಮವಾರ

ಅವ್ವನಿಗೆ ಹೇಳಿದೆ. ಪಿನ್ನಿನ ಮಾತು, ಜೀಪಿನ ಮಾತು, ಎಲ್ಲ. ಅವಳು ಒಲೆಯ ಮುಂದೆ ಇದ್ದಳು. ಬಹಳ ಹೊತ್ತು ಒಲೆ ಊದಿದಳು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

"ಯಾರ ಮುಂದ ಅಂದೀ?"

"ಯಾರ ಮುಂದೂ ಇಲ್ಲ."

"ಅನಬ್ಯಾಡ. ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ. ಮದುವಿ ಒಂದ್ ಆಗ್ಲಿ. ಆಮ್ಯಾಲೆ ಏನ್ ಬೇಕಾದ್ದು ನೋಡೂಣು."

ಮದುವೆಯಾದ ಮೇಲೆ ಯಾರ ಕೈಯಲ್ಲಿ ನೋಡುವುದು ಎಂದು ನಾನು ಕೇಳಲಿಲ್ಲ. ಬರುವ ಶನಿವಾರ ಕದರಮಂಡಲಗಿ ಆಂಜನೇಯನಿಗೆ ಎಣ್ಣೆಯ ಹರಕೆ ಹೊತ್ತಿದ್ದಾಳೆ.

೧೮ ಫೆಬ್ರುವರಿ, ಶನಿವಾರ

ಕದರಮಂಡಲಗಿಗೆ ಹೋಗಿ ಬಂದೆವು. ಅವ್ವ ಪ್ರದಕ್ಷಿಣೆ ಹಾಕಿದಳು, ನಾನು ಕಂಬಕ್ಕೆ ಒರಗಿ ಕೂತಿದ್ದೆ. ಎಲ್ಲರೂ ದೇವರ ಕಣ್ಣು ನೋಡು ಅನ್ನುತ್ತಾರೆ. ನೋಡಿದೆ. ಅವನೂ ನನ್ನನ್ನು ನೋಡಿದ.

೨೩ ಫೆಬ್ರುವರಿ, ಗುರುವಾರ

ಇವತ್ತಿನದು ಸಾವಕಾಶವಾಗಿ ಬರೆಯಬೇಕು.

ಜೈತೂನಬಿ ರಮಜಾನ್ ತಿಂಗಳ ರೋಜಾ ಹಿಡಿದಿದ್ದಾಳೆ. ಹಸಿದ ಹೊಟ್ಟೆಯಲ್ಲಿ, ಗುಟುಕು ನೀರಿಲ್ಲದೆ, ಮೆಣಸಿನಕಾಯಿ ಧೂಳಿನಲ್ಲಿ ದಿನವಿಡೀ ಕೂಡುತ್ತಾಳೆ. ನಿನ್ನೆ ಸಂಜೆ ಅವ್ವನಿಗೆ, "ಉಡಚವ್ವಾ, ನನ್ನ ಕಣ್ಣಾಗ ಪರದೆ ಬಂದಂಗ ಆಗೇತಿ. ಹಾವೇರಿ ಆಸ್ಪತ್ರಿಗೆ ತೋರಸ್ಬೇಕು, ಚೀಟಿ ಓದಾಕ ಮಂಗಳೀನ್ನ ಕಳಸು" ಅಂದಳು. ಅವಳ ಕಣ್ಣು ಹದ್ದಿನ ಕಣ್ಣು. ಕಪ್ಪಾದ ಕಾಯಿಯನ್ನು ರಾಶಿಯ ತಳದಿಂದ ಹೆಕ್ಕುವವಳು. ಅವ್ವನಿಗೂ ಅದು ಗೊತ್ತು. "ಹೋಗಿ ಬರ್ಲಿ" ಅಂದಳು.

ಬಸ್ಸು ಇಳಿದ ಮೇಲೆ ಜೈತೂನಬಿ ಕಣ್ಣಿನ ಕಡೆ ಹೋಗಲೇ ಇಲ್ಲ. ನೇರ ಫಕ್ಕೀರಪ್ಪನ ಕೋಣೆ ಕೇಳಿಕೊಂಡು ಹೋಗಿ ನನ್ನನ್ನು ಒಳಗೆ ನೂಕಿ ಹೊರಗೆ ಕೂತಳು. "ನಾ ಇಲ್ಲೇ ಇರ್ತೇನಿ, ಎಲ್ಲೂ ಹೋಗೂದಿಲ್ಲ" ಅಂದಳು.

ಫಕ್ಕೀರಪ್ಪ ಹಚ್ಚೆ ನೋಡಿ, "ಮಚ್ಚಿ ಮುಚ್ಚಾಕ ಹಾಕಿಸೀರೇನು?" ಅಂದ. ಬೈಯಲಿಲ್ಲ. ಕಣ್ಣು ಮುಚ್ಚಿಸಿ, ಪೆನ್ನಿನ ತುದಿಯಿಂದ ಮುಟ್ಟುತ್ತಾ ಎಲ್ಲಿ ಮುಟ್ಟಿದೆ ತೋರಿಸು ಅಂದ. ಡಾಕ್ಟರೂ ಬಂದು ನೋಡಿದರು. ಅದೇ ರೋಗ. ಆರು ತಿಂಗಳು ಗುಳಿಗೆ ನುಂಗಬೇಕು. ವಾಸಿಯಾಗುತ್ತದೆ, ಇವತ್ತು ನುಂಗಿದರೆ ನಾಳೆಯಿಂದ ಯಾರಿಗೂ ಅಂಟುವ ಹೆದರಿಕೆ ಇಲ್ಲ. ಗಾಯ ತೊಳೆದು ಪಟ್ಟಿ ಕಟ್ಟಿದರು. ಇನ್ನು ಇದಕ್ಕೆ ಅರಿಶಿನವೂ ಬೇಡ, ಖಾರವೂ ಬೇಡ ಅಂದರು. "ಹೋದ ಸ್ಪರ್ಶ ಬರ್ತೈತಿ ಅಂತ ನಾ ಹೇಳೂದಿಲ್ಲ. ಇದ್ದದ್ದು ಉಳೀತೈತಿ. ತಡಾ ಮಾಡಿದ್ರ ಕೈ ಬೆರಳು ಮಡಚತಾವ, ಹಿಡಿತ ಹೋಗ್ತೈತಿ" ಅಂದ ಫಕ್ಕೀರಪ್ಪ.

ಅವರ ಎದುರಿಗೇ ಗುಳಿಗೆ ನುಂಗಿದೆ. ಆಮೇಲೆ ಅವನು ಕೇಳಿದ: "ಮನ್ಯಾಗ ಮತ್ತ ಯಾರಿಗರ ಐತೇನು? ಮಚ್ಚಿ, ಕೈಕಾಲು ಜೋಮು, ಸುಟ್ರೂ ಗೊತ್ತಾಗದಂಗ?"

ಇಲ್ಲ ಅಂದೆ. ಅಂದು ಗುಳಿಗೆಯ ಹಾಳೆಯನ್ನು ಚೀಲದ ತಳಕ್ಕೆ ಇಟ್ಟುಕೊಂಡೆ.

ಮನೆಗೆ ಬಂದು ಅವ್ವ ರೊಟ್ಟಿ ಬೇಯಿಸುವುದನ್ನು ನೋಡುತ್ತ ಕೂತೆ. ಕಾದ ಹಂಚಿನಿಂದ ರೊಟ್ಟಿಯನ್ನು ಬರಿಗೈಯಿಂದಲೇ ಎತ್ತಿದಳು. ಸಾವಕಾಶವಾಗಿ, ಅವಸರವೇ ಇಲ್ಲದೆ. ಕಿರುಬೆರಳು ಮಡಚಿಕೊಂಡೇ ಇತ್ತು, ನೆಟ್ಟಗಾಗಲಿಲ್ಲ. ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಗುಳ್ಳೆ ಒಡೆದಿದೆ. ಎಷ್ಟೋ ವರ್ಷದಿಂದ ಹೀಗೇ ಎತ್ತುತ್ತಾಳೆ. ನಾನು ಎಷ್ಟೋ ವರ್ಷದಿಂದ ಆ ರೊಟ್ಟಿ ತಿನ್ನುತ್ತಿದ್ದೇನೆ. ಖಾರ ಹತ್ತುವುದಿಲ್ಲ ಎಂದು ಊರೆಲ್ಲ ಹೊಗಳಿದ ಕೈ ಅದು, ನಾನೂ ಹೊಗಳಿದ್ದೇನೆ.

೨೪ ಫೆಬ್ರುವರಿ, ಶುಕ್ರವಾರ

ಮುಂಜಾನೆ ಮೂತ್ರ ಕೆಂಪಗೆ ಹೋಯಿತು, ಮೆಣಸಿನಕಾಯಿ ನೆನೆಹಾಕಿದ ನೀರಿನ ಹಾಗೆ. ಫಕ್ಕೀರಪ್ಪ ಮೊದಲೇ ಹೇಳಿದ್ದ, ಮರೆತು ಕೂಗಿಕೊಂಡೆ. ಅವ್ವ ಓಡಿ ಬಂದಳು. ಗುಳಿಗೆಯ ಸಂಗತಿ ಹೀಗೆ ಹೊರಬಿತ್ತು.

ಅವಳು ಬೈಯಲಿಲ್ಲ. ಗುಳಿಗೆಯ ಹಾಳೆ ತಿರುಗಿಸಿ ನೋಡಿ, ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಳು. "ನುಂಗು. ಯಾರಿಗೂ ಕಾಣಬಾರದು" ಅಂದಳು. ನಿನ್ನ ಕೈಯನ್ನೂ ತೋರಿಸೋಣ ಎಂದೆ. ಕೇಳಿಸಲಿಲ್ಲವೆನ್ನುವ ಹಾಗೆ ಕೊಡ ತೆಗೆದುಕೊಂಡು ನೀರಿಗೆ ಹೋದಳು.

೩ ಮಾರ್ಚ್, ಶುಕ್ರವಾರ

ರಮಜಾನ್ ಹಬ್ಬ. ಜೈತೂನಬಿ ಹಾಲು ಶಾವಿಗೆಯ ಸುರಕುಂಬಾ ತಂದುಕೊಟ್ಟಳು. ಪಾತ್ರೆ ಇನ್ನೂ ಕುದಿಯುವಷ್ಟು ಬಿಸಿ, ಅವಳು ಸೆರಗು ಸುತ್ತಿ ಹಿಡಿದಿದ್ದಳು. ಅವ್ವ ಬರಿಗೈಯಲ್ಲಿ ತೆಗೆದುಕೊಂಡು ನಿಂತಲ್ಲೇ ಹಬ್ಬದ ಮಾತಾಡಿದಳು. ಜೈತೂನಬಿ ನನ್ನ ಮುಖ ನೋಡಿದಳು. ನಾನು ಪಾತ್ರೆ ಕಸಿದು ಕೆಳಗಿಟ್ಟೆ.

ಅವಳು ಹೋದ ಮೇಲೆ ಅವ್ವನ ಮುಂದೆ ಕೂತು ನೆಟ್ಟಗೆ ಕೇಳಿದೆ. "ಯವ್ವಾ, ನಿನಗ ಗೊತ್ತೈತಿ. ಎಷ್ಟ್ ವರ್ಷ ಆತು?"

"ನಿಮ್ಮಪ್ಪ ಇದ್ದಾಗಿಂದ." ಬೇರೆಯವರ ಮಾತು ಹೇಳುವ ಹಾಗೆ ಹೇಳಿದಳು. "ಮೊದಲು ಕಿರಿಬೆಳ್ಳು. ಆಮ್ಯಾಲೆ ಅಂಗೈ. ಛಲೋ ಆತು ಅನ್ಕೊಂಡೆ, ಕೆಲಸಕ್ಕ ತ್ರಾಸ ಇಲ್ಲ."

"ನಾಳೆ ಹಾವೇರಿಗೆ ಹೋಗೂಣು."

"ನನ್ನ ಕೈ ನೋಡಿದ್ರ ಯಾವ ಡಾಕ್ಟರೂ ಬ್ಯಾಡ, ಬೀದ್ಯಾಗಿನವರಿಗೂ ತಿಳೀತೈತಿ. ಆಸ್ಪತ್ರಿ ಪಡಸಾಲ್ಯಾಗ ನಾ ಕುಂತದ್ದನ್ನ ಯಾರರ ರಾಣೆಬೆನ್ನೂರಿನವರು ನೋಡಿದ್ರ ನಿನ್ನ ಮದುವಿ ಮುರೀತು. ಮದುವಿ ಆಗೂತನಾ ನಾ ಆ ಮೆಟ್ಟಲಾ ಹತ್ತೂದಿಲ್ಲ, ಮಂಗಳವ್ವಾ. ನನ್ನ ಕೈ ಹೋದ್ರ ಹೋಗ್ಲಿ."

ಮದುವೆಗೆ ಇನ್ನೂ ಎರಡು ತಿಂಗಳು. ಮದುವೆಯಾದ ಮೇಲೆ ಮಗಳ ಸಂಸಾರ ಕೆಡಬಾರದು ಎಂದು ಮತ್ತೆ ಹತ್ತುವುದಿಲ್ಲ. ಇದು ನನಗೆ ಗೊತ್ತು, ಅವಳಿಗೂ ಗೊತ್ತು. ಸುರಕುಂಬಾ ಆರಿ ಕೆನೆ ಕಟ್ಟಿತು.

೬ ಮಾರ್ಚ್, ಸೋಮವಾರ

ಗಾಯ ಮಾಯುತ್ತಿದೆ. ಹೊಸ ಚರ್ಮ ಬಂದಿದೆ, ತುಳಸಿಯ ಅರ್ಧ ಎಲೆ ಹೋಗಿವೆ. ಮುದುಕಿ ನೋಡಿದರೆ ಬೈದಾಳು. ಈಗ ಅದು ತುಳಸಿಯೋ ಜಾಲಿಯೋ ಹೇಳುವುದು ಕಷ್ಟ.

ಮಾಯಲಿ ಎಂದು ಅವ್ವ ಎಷ್ಟು ಕಾದಿದ್ದಳು. ತೋರಿಸಿದರೆ ಬರೀ ತಲೆ ಆಡಿಸಿದಳು. ಅವಳ ಹೆಬ್ಬೆರಳಿನ ಗುಳ್ಳೆ ಹುಣ್ಣಾಗಿದೆ. ಅದಕ್ಕೆ ಸುಣ್ಣ ಹಚ್ಚಿಕೊಂಡು ವಖಾರಿಗೆ ಬಂದು ಎಲ್ಲರಿಗಿಂತ ಮೊದಲು ಬುಟ್ಟಿ ತುಂಬಿದಳು. ನನಗೆ ಸಿಟ್ಟು ಬಂತು. ಎಷ್ಟು ಸಿಟ್ಟು ಅಂದರೆ ಕೈಯಲ್ಲಿದ್ದ ಕಾಯಿ ಹಿಸುಕಿ ಪುಡಿ ಮಾಡಿದ್ದೆ. ಅವಳ ಮೇಲೋ, ಹೊಗಳುವವರ ಮೇಲೋ, ಆ ಮದುವೆಯ ಮೇಲೋ.

೯ ಮಾರ್ಚ್, ಗುರುವಾರ

ರಾಣೆಬೆನ್ನೂರಿಗೆ ಒಬ್ಬಳೇ ಹೋಗಿದ್ದೆ.

ಸೈಕಲ್ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಪರಮೇಶಪ್ಪ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದ. ನನ್ನನ್ನು ನೋಡಿ ಎದ್ದ ಭರದಲ್ಲಿ ಬುಟ್ಟಿ ಉರುಳಿಸಿದ. ಸ್ಟೂಲು ಒರೆಸಿ ಕೊಟ್ಟ, ಚಹಾ ಹೇಳಿದ. ನಾನು ಕೂಡಲಿಲ್ಲ, ಕೂತರೆ ಹೇಳಲಾಗುವುದಿಲ್ಲ ಅನಿಸಿತು.

"ನನ್ನ ಕೈಗೆ ಕುಷ್ಠರೋಗ ಐತ್ರಿ. ಗುಳಿಗಿ ನುಂಗಾಕತ್ತೇನಿ, ಆರು ತಿಂಗಳಿಗೆ ವಾಸಿ ಆಗ್ತೈತಿ ಅಂದಾರ. ನಮ್ಮವ್ವಗೂ ಐತಿ, ಆಕಿದು ಬಾಳ ಐತಿ. ನಾ ನಿಮಗ ಹೇಳಬೇಕಾಗಿತ್ತು."

ಚಹಾ ಬಂತು. ಇಬ್ಬರೂ ಕುಡಿಯಲಿಲ್ಲ. ಅವನು ಒದ್ದೆ ಟ್ಯೂಬನ್ನು ಕೈಗೆ ಸುತ್ತಿಕೊಳ್ಳುತ್ತ ಕೇಳಿದ, "ನೀವು ಬಂದದ್ದು ನಿಮ್ಮವ್ವಗ ಗೊತ್ತೈತೇನ್ರಿ?"

"ಇಲ್ರಿ. ಈ ಮದುವಿ ಇರೂತನಾ ಆಕಿ ಆಸ್ಪತ್ರಿಗೆ ಬರೂದಿಲ್ಲ ಅಂತಾಳ."

ಅವನಿಗೆ ಅರ್ಥವಾಯಿತು. ಮುಖ ಕೆಂಪಗಾಯಿತು. "ಅಂದ್ರ ಮುರದ್ ಬಿಡ್ರಿ ಅಂತ ಹೇಳಾಕ ಬಂದೀರಿ."

"ಹೌದ್ರಿ."

"ನನ್ನ ಕೇಳಿದ್ರ, ಆರು ತಿಂಗಳು ತಡದ್ ಮಾಡ್ಕೊಂಡ್ರಾತು" ಅಂದ. ನೆಲದ ಮೇಲೆ ಹರಿದ ನೀರು ನೋಡುತ್ತ ಅಂದ. ಬುಟ್ಟಿ ಎತ್ತಿ ನೆಟ್ಟಗಿಟ್ಟು, "ಆದ್ರ ನಮ್ಮವ್ವ ಕೇಳೂದಿಲ್ಲ. ಆಕಿ ಮುಂದ ಮಾತಾಡೂ ಧೈರ್ಯ ನನಗಿಲ್ರಿ" ಅಂದ.

ಅವನು ಕೆಟ್ಟವನಲ್ಲ. ಬಸ್ ಸ್ಟ್ಯಾಂಡಿನವರೆಗೆ ಸೈಕಲ್ ತಳ್ಳಿಕೊಂಡು ಬಂದ, ಹತ್ತಲಿಲ್ಲ. ಬಸ್ಸು ಬಿಡುವಾಗ ಏನೋ ಹೇಳಿದ, ಕೇಳಿಸಲಿಲ್ಲ. ಕೇಳಿಸಬೇಕಿತ್ತು. ಮೋಟೆಬೆನ್ನೂರು ದಾಟುವವರೆಗೆ ಅವನು ಏನು ಹೇಳಿರಬಹುದು ಎಂದೇ ಯೋಚಿಸಿದೆ. ಸೈಕಲ್ ಕಲಿಯಬಹುದಿತ್ತು.

೧೪ ಮಾರ್ಚ್, ಮಂಗಳವಾರ

ಭರಮಣ್ಣ ಮಾಮಾ ಬಂದಿದ್ದ. ಗಂಡಿನವರ ಮನೆಯಲ್ಲಿ ಯಾರಿಗೋ ಕನಸು ಬಿತ್ತಂತೆ, ಈ ವರ್ಷ ಮದುವೆ ಕೂಡದಂತೆ, ಮುಂದಿನ ವರ್ಷ ನೋಡೋಣ ಅಂದರಂತೆ. ರೋಗದ ಹೆಸರು ಎತ್ತಲಿಲ್ಲ. ಪರಮೇಶಪ್ಪ ಮನೆಯಲ್ಲಿ ಏನು ಹೇಳಿ ಒಪ್ಪಿಸಿದನೋ, ನನ್ನ ಹೆಸರು ಕೆಡದ ಹಾಗೆ ಮಾಡಿದ್ದಾನೆ. ಧೈರ್ಯವಿಲ್ಲ ಅಂದವನು.

ಮಾಮಾ ಹೋದ ಮೇಲೆ ಅವ್ವ ನನ್ನ ಕಡೆ ತಿರುಗಿದಳು. "ಗುರುವಾರ ಎಲ್ಲಿ ಹೋಗಿದ್ದೀ?"

ಹೇಳಿದೆ. ಹೊಡೆಯುತ್ತಾಳೆ ಅಂದುಕೊಂಡೆ. ಗೋಡೆಗೆ ಒರಗಿ ಕೂತು, ಮಡಚಿದ ಬೆರಳನ್ನು ಇನ್ನೊಂದು ಕೈಯಿಂದ ಬಿಡಿಸುತ್ತ, ಬಿಡಿಸುತ್ತ ಕೂತಳು.

೨೦ ಮಾರ್ಚ್, ಸೋಮವಾರ

ಅವ್ವ ನನ್ನ ಜೊತೆ ಮಾತಾಡುವುದಿಲ್ಲ. ರೊಟ್ಟಿ ಬಡಿದಿಟ್ಟು ಹೋಗುತ್ತಾಳೆ. ವಖಾರಿಯಲ್ಲಿ ಬೇರೆ ರಾಶಿಗೆ ಕೂಡುತ್ತಾಳೆ. ನಡುವೆ ಜೈತೂನಬಿ ಅತ್ತ ಇತ್ತ ನೋಡಿ, "ಸಂತಿಯೊಳಗೂ ಇಷ್ಟು ದೂರ ಕುಂದ್ರೂದಿಲ್ಲ ಬೇ ನೀವು" ಎಂದು ಬೈಯುತ್ತಾಳೆ.

ಬಹಳ ಕಷ್ಟವಾಗುತ್ತಿದೆ. ಮನೆಯಲ್ಲಿ ಇಬ್ಬರೇ ಇದ್ದು ಮಾತಿಲ್ಲದಿದ್ದರೆ ಪಾತ್ರೆಯ ಸಪ್ಪಳವೂ ಜೋರಾಗಿ ಕೇಳುತ್ತದೆ. ಇವತ್ತು ಅಪ್ಪನ ಅಂಗಿ ಮೂಸಿ ನೋಡಿದೆ. ಏನೂ ವಾಸನೆ ಇಲ್ಲ. ತೊಳೆದಿಟ್ಟು ಎರಡು ವರ್ಷವಾಯಿತು.

೧ ಏಪ್ರಿಲ್, ಶನಿವಾರ, ಯುಗಾದಿ

ಬೇವು ಬೆಲ್ಲ ಕೈಗೆ ಹಾಕುತ್ತ ಅವ್ವ ಮಾತಾಡಿದಳು. "ಆ ಗುಳಿಗಿ ನುಂಗಿದ್ರ ನಂಗೂ ಕೆಂಪಗ ಹೊಕ್ಕೈತೇನು?"

"ಹೌದವಾ."

"ಹೂಂ" ಅಂದಳು. ನಾನು ಎರಡು ಸಲ ಬೇವು ತಿಂದೆ, ಕಹಿಯೆಂದು ತಿಳಿದದ್ದು ಎರಡನೆಯ ಸಲ ತಿಂದ ಮೇಲೆ.

೬ ಏಪ್ರಿಲ್, ಗುರುವಾರ

ಅವ್ವ ಹಾವೇರಿಗೆ ಬಂದಳು. ಒಳ್ಳೆಯ ಸೀರೆ ಉಟ್ಟು, ತಲೆಗೆ ಸೆರಗು ಎಳೆದುಕೊಂಡು, ಪಡಸಾಲೆಯಲ್ಲಿ ಎಲ್ಲರಿಗೂ ಕಾಣುವ ಬೆಂಚಿನ ಮೇಲೆ ಕೂತಳು. ಒಂದು ಮೂಲೆಯಲ್ಲಿ ಜಾಗ ಇತ್ತು, ಅಲ್ಲಿ ಹೋಗೋಣ ಅಂದರೂ ಕೇಳಲಿಲ್ಲ. "ಇನ್ನ್ಯಾರಿಗೆ ಅಂಜೂದು?" ಅಂದಳು.

ಫಕ್ಕೀರಪ್ಪ ಅವಳ ಎರಡೂ ಕೈಯನ್ನು ಮೇಜಿನ ಮೇಲೆ ಇಡಿಸಿದ. "ಯವ್ವಾ, ಕಣ್ಣು ಮುಚ್ಚರಿ. ನಾ ಪೆನ್ನಿನ ತುದೀಲೆ ಎಲ್ಲಿ ಮುಟ್ತೇನಿ, ಅಲ್ಲಿ ಇನ್ನೊಂದು ಕೈಲೆ ತೋರಸ್ರಿ."

ಮೊದಲು ಭುಜದ ಮೇಲೆ ಮುಟ್ಟಿದ. ತಟ್ಟನೆ ತೋರಿಸಿದಳು. ಮೊಣಕೈ ಮೇಲೆ ಮುಟ್ಟಿದ. ತೋರಿಸಿದಳು, ನನ್ನ ಕಡೆ ತಿರುಗಿ ನಕ್ಕಳು ಕೂಡ, ಕಣ್ಣು ಮುಚ್ಚಿಕೊಂಡೇ. ಆಮೇಲೆ ಅವನು ಅಂಗೈಗೆ ಬಂದ. ಹೆಬ್ಬೆರಳಿನ ಬುಡ, ನಡುಬೆರಳು, ಕಿರುಬೆರಳು. ಒಂದು ಕೈ ಮುಗಿಸಿ ಇನ್ನೊಂದು ಕೈ. ಅವ್ವ ಅಲುಗಲಿಲ್ಲ. ಕಣ್ಣಾಮುಚ್ಚಾಲೆ ಆಡುವ ಮಕ್ಕಳ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅವನು ಪೆನ್ನು ಒತ್ತಿದ. ಚರ್ಮ ಒಳಗೆ ಹೋಗುವುದು ನನಗೆ ಕಾಣುತ್ತಿತ್ತು.

"ಮುಂದ ಮುಟ್ರಿ ಸಾಹೇಬ್ರ" ಅಂದಳು ಅವ್ವ. "ಲಗೂ ಮಾಡ್ರಿ, ವಖಾರಿಗೆ ಹೊತ್ತಾಗ್ತೈತಿ."

ಫಕ್ಕೀರಪ್ಪ ಪೆನ್ನು ಕೆಳಗಿಟ್ಟ. ನಾನು ಎದ್ದು ಹೋಗಿ ಅವಳ ಎರಡೂ ಅಂಗೈಯನ್ನು ನನ್ನ ಕೈಯೊಳಗೆ ಹಿಡಿದುಕೊಂಡೆ. ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಹಾಗೇ ಕಣ್ಣು ಮುಚ್ಚಿ ಕಾಯುತ್ತಿದ್ದಳು.

ಆಗ ನನಗೆ ಅಳು ಬಂತು. ಪಡಸಾಲೆಯವರೆಲ್ಲ ಬಾಗಿಲಿಗೆ ಬಂದು ನೋಡುವಷ್ಟು ಜೋರಾಗಿ ಅತ್ತೆ. ಆ ಸಪ್ಪಳಕ್ಕೆ ಅವ್ವ ಕಣ್ಣು ತೆರೆದು, "ಯಾಕ ನನ ಮಗಳ, ಏನಾತು?" ಅಂದಳು.